ಜಿಡ್ಡಿಲ್ಲದ ಬಟ್ಟಲು

“ಬರ್ಕೊಳ್ಳಿ ಮೇಡಂ. ಎಂಜಿನ್ ಜಾಮ್. ಹಳೇ ಗಾಡಿ, ಹಳೇ ಲೋಹ, ಬಿಸಿ ತಡೀಲಿಲ್ಲ. ಅಪಘಾತ, ಅಷ್ಟೆ.”

ಮೆಕ್ಯಾನಿಕ್ ಹೊಗೆಮಾಮ ಪಿಸ್ಟನ್ನನ್ನು ಹಳೆಯ ಪತ್ರಿಕೆಯ ಮೇಲಿಟ್ಟು ಕೈ ಒರೆಸಿಕೊಂಡರು.

ಇನ್ಸ್‌ಪೆಕ್ಟರ್ ಬರೆದುಕೊಳ್ಳಲಿಲ್ಲ. ಪೆನ್ನಿನ ಮುಚ್ಚಳವನ್ನೂ ತೆಗೆಯಲಿಲ್ಲ. ಐವತ್ತರ ಆಸುಪಾಸಿನ ಆ ಹೆಂಗಸು ಪಿಸ್ಟನ್ನನ್ನು ಎತ್ತಿ ಶೆಡ್ಡಿನ ಬಾಗಿಲಿನಿಂದ ಬರುತ್ತಿದ್ದ ಬೆಳಕಿಗೆ ಹಿಡಿದಳು. ಸುತ್ತಲೂ ಉದ್ದುದ್ದ ಗೀರುಗಳು. ಬೆಕ್ಕು ಹಿಡಿದು ಪರಚಿದ ಹಾಗಿತ್ತು. ಒಂದು ಕಡೆ ಲೋಹವೇ ಕರಗಿ, ಬಳಿದ ಹಾಗೆ ಎಳೆದುಕೊಂಡು ಹೋಗಿತ್ತು.

ಠಾಣೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಗಾಡಿ ನಿಂತಿತ್ತು. ಎತ್ತರದ ಮೈ, ಮುಳ್ಳುಮುಳ್ಳು ಟೈರು, ಹೊಟ್ಟೆಯ ಪಕ್ಕದಲ್ಲಿ ಮೇಲಕ್ಕೆ ಸುತ್ತಿಕೊಂಡು ಹೋದ ಸೈಲೆನ್ಸರ್. ಡಾಂಬರು ರಸ್ತೆಗೂ ಸೈ, ಕಲ್ಲುದಾರಿಗೂ ಸೈ ಎಂದು ನಲವತ್ತೈದು ವರ್ಷದ ಹಿಂದೆ ಮಾಡಿದ ಟೂ-ಸ್ಟ್ರೋಕ್ ಬೈಕು. ಹನ್ನೆರಡು ದಿನದ ಹಿಂದೆ, ಭಾನುವಾರ ಬೆಳಿಗ್ಗೆ, ಗುಡ್ಡದ ಇಳಿಜಾರಿನಲ್ಲಿ ಇದರ ಹಿಂದಿನ ಚಕ್ರ ಓಡುತ್ತಿದ್ದಂತೆಯೇ ಕಚ್ಚಿ ನಿಂತು, ಓಡಿಸುತ್ತಿದ್ದ ಸರ್ವೇಯರ್ ಕಣಿವೆಗೆ ಬಿದ್ದು ಸತ್ತಿದ್ದ.

“ಆಯಿಲ್ ಇರಲಿಲ್ಲ ಅಂತೀರಾ ಮಾಮ?”

“ಇತ್ತಲ್ಲ. ಟ್ಯಾಂಕಿನಲ್ಲಿ ನೀವೇ ನೋಡಿದ್ರಿ. ಬೆರಳಿಗೆ ಜಿಡ್ಡು ಹತ್ತಿತ್ತು. ಕೆಂಪಗೂ ಇತ್ತು.”

ಆಕೆ ನೋಡಿದ್ದು ನಿಜ. ಈ ಗಾಡಿಗೆ ಹಿಂದೆ ಎಣ್ಣೆಯದೇ ಒಂದು ಪುಟ್ಟ ಪಂಪು ಇತ್ತಂತೆ. ಅದು ಸವೆದು ಹೋದಾಗ ಬದಲಿ ಸಿಗಲಿಲ್ಲ. ಸರ್ವೇಯರ್ ಅದನ್ನು ಬಿಚ್ಚಿ ಆ ಜಾಗಕ್ಕೆ ತಾನೇ ಕತ್ತರಿಸಿದ ಹಿತ್ತಾಳೆಯ ತಗಡು ಕೂರಿಸಿದ್ದ. ಅಂದಿನಿಂದ ಎಣ್ಣೆಯನ್ನು ಪೆಟ್ರೋಲಿಗೇ ಬೆರೆಸಬೇಕು. ಲೀಟರಿಗೆ ಮೂವತ್ತು ಮಿಲಿ. ಒಳಗೆ ತಿರುಗುವ, ಉಜ್ಜುವ ಎಲ್ಲದಕ್ಕೂ ಅದೊಂದೇ ಆಧಾರ.

ಇದನ್ನೆಲ್ಲ ಆಕೆಗೆ ಹೇಳಿಕೊಟ್ಟದ್ದು ಹೊಗೆಮಾಮ ಅಲ್ಲ, ಸತ್ತವನ ನೋಟ್‌ಬುಕ್ಕು. ಮೂರು ದಿನದಿಂದ ಆಕೆ ಅದನ್ನೇ ಓದುತ್ತಿದ್ದಳು. ಜಮೀನು ಅಳೆಯುವವನ ದುಂಡನೆಯ ಕೈಬರಹ. ‘ಪ್ಲಗ್ ತೆಗೆದು ನೋಡಿದೆ, ಬಿಸ್ಕತ್ತಿನ ಬಣ್ಣ, ಚಿಂತೆಯಿಲ್ಲ.’ ‘ಸೈಲೆನ್ಸರ್ ಬಿಚ್ಚಿ ಮಸಿ ಕೆರೆದೆ, ಒಂದು ಹಿಡಿ ಬಂತು. ಈಗ ಗಂಟಲು ಬಿಟ್ಟು ಮಾತಾಡುತ್ತಾನೆ.’ ‘ಪಾಯಿಂಟ್ ಸರಿ ಮಾಡಿದೆ, ಮೊದಲ ಕಿಕ್ಕಿಗೇ ಎದ್ದ.’ ಗಾಡಿಯನ್ನು ಅವನು ‘ಅದು’ ಎಂದು ಒಂದು ಸಲವೂ ಬರೆದಿರಲಿಲ್ಲ.

ಆಕೆ ಗುರುತಿಟ್ಟ ಪುಟ ತೆರೆದು ಗಟ್ಟಿಯಾಗಿ ಓದಿದಳು. “ಮೂರು ವಾರ ಗಾಡಿ ತೆಗೆದಿರಲಿಲ್ಲ. ಕಾರ್ಬುರೇಟರಿನ ಬಟ್ಟಲಲ್ಲಿ ಪೆಟ್ರೋಲ್ ಆರಿಹೋಗಿ ಎಣ್ಣೆ ಮಾತ್ರ ಉಳಿದಿತ್ತು. ಕೆಂಪು ಜಿಡ್ಡು, ಜೇನಿನ ಹಾಗೆ. ತೊಳೆದ ಮೇಲೇ ಸ್ಟಾರ್ಟ್ ಆಯಿತು.”

ಹೊಗೆಮಾಮ ಕೈ ಒರೆಸಿದ ಬಟ್ಟೆಯನ್ನು ಮಡಚಿಟ್ಟರು.

“ಟ್ಯಾಂಕಿನಲ್ಲಿ ಏನಿದೆ ಅನ್ನೋದು ಬೇರೆ ಮಾಮ. ಎಂಜಿನ್ ಕೊನೇಲಿ ಕುಡಿದದ್ದು ಆ ಬಟ್ಟಲಲ್ಲಿ ಇದ್ದದ್ದನ್ನ. ಅದನ್ನ ಬಿಚ್ಚಿ.”

“ಏನೂ ಇರಲ್ಲ ಮೇಡಂ. ಗಾಡಿ ಉರುಳಿದೆ. ಚೆಲ್ಲಿಹೋಗಿರುತ್ತೆ.”

“ಚೆಲ್ಲಿದ್ರೂ ಗೋಡೆಗೆ ಅಂಟಿರುತ್ತಲ್ಲ. ಬಿಚ್ಚಿ.”

ಎಪ್ಪತ್ತು ದಾಟಿದ ಮನುಷ್ಯ. ಸುತ್ತಮುತ್ತ ಟೂ-ಸ್ಟ್ರೋಕ್ ರಿಪೇರಿ ಮಾಡುವವರಲ್ಲಿ ಉಳಿದವರು ಅವರೊಬ್ಬರೇ. ಜೀವಮಾನವೆಲ್ಲ ಆ ನೀಲಿ ಹೊಗೆಯಲ್ಲಿ ನಿಂತದ್ದಕ್ಕೆ ಬಂದ ಹೆಸರು ಹೊಗೆಮಾಮ. ನನ್ನ ಕೆಮ್ಮು ಕೂಡ ಟೂ-ಸ್ಟ್ರೋಕು ಎಂದು ತಾವೇ ನಗಾಡುತ್ತಿದ್ದರು. ಸರ್ವೇಯರನಿಗೆ ಸ್ಪ್ಯಾನರ್ ಹಿಡಿಯಲು ಕಲಿಸಿದವರೂ ಅವರೇ. ಅದಕ್ಕೇ ಠಾಣೆಯವರು ಪರೀಕ್ಷೆಗೆ ಅವರನ್ನು ಕರೆಸಿದ್ದರು.

ಈಗ ಅವರು ಮಂಡಿಯೂರಿ ಕುಳಿತರು. ನಾಲ್ಕು ಸ್ಕ್ರೂ. ನಾಲ್ಕಕ್ಕೂ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

ಬಟ್ಟಲು ಕೈಗೆ ಬಂತು. ಅಂಗೈಯಲ್ಲಿ ಅಡಗುವಷ್ಟು ಪುಟ್ಟದು. ಒಣಗಿತ್ತು. ಇನ್ಸ್‌ಪೆಕ್ಟರ್ ಬೆರಳು ಹಾಕಿ ತಳವನ್ನೂ ಮೂಲೆಯನ್ನೂ ಉಜ್ಜಿದಳು. ಬೆರಳು ಜಾರಲಿಲ್ಲ. ತಳದ ಹತ್ತಿರ, ನೀರು ಇಳಿದ ಗುರುತಿನಂತೆ, ತೆಳ್ಳಗೆ ಒಂದು ಕೆಂಪು ಗೆರೆ ಮಾತ್ರ ಇತ್ತು.

“ಈ ಗೆರೆ?”

“ಹಳೇ ಕಲೆ.”

“ಜಿಡ್ಡು ಎಲ್ಲಿ?”

ಹೊಗೆಮಾಮ ತಮ್ಮ ಬೆರಳನ್ನೂ ಬಟ್ಟಲಿಗೆ ಹಾಕಿ ತೆಗೆದರು. ಆಮೇಲೆ, “ಇಲ್ಲ. ಬರೀ ಪೆಟ್ರೋಲಿನಲ್ಲಿ ಓಡಿದೆ,” ಎಂದರು. “ಟ್ಯಾಂಕಿಗೆ ಆಯಿಲ್ ಆಮೇಲೆ ಯಾರೋ ಸುರಿದಿದ್ದಾರೆ.”

“ಅದು ಬಟ್ಟಲಿಗೆ ಯಾಕೆ ಇಳೀಲಿಲ್ಲ?”

“ಪೆಟ್ರೋಲ್ ಕಾಕ್ ಮುಚ್ಚಿದೆಯಲ್ಲ.”

ಇಬ್ಬರೂ ಟ್ಯಾಂಕಿನ ಕೆಳಗಿನ ಆ ಪುಟ್ಟ ನಲ್ಲಿಯ ಕಡೆ ನೋಡಿದರು. ಮುಚ್ಚಿತ್ತು. ಓಡುವ ಗಾಡಿಯಲ್ಲಿ ಅದು ತೆರೆದಿರಬೇಕು. ನಲವತ್ತು ಅಡಿ ಕೆಳಗೆ ಕಲ್ಲಿನ ಮೇಲೆ ಬಿದ್ದವನು ಎದ್ದು ಬಂದು ಅದನ್ನು ಮುಚ್ಚುವಂತಿರಲಿಲ್ಲ.

“ಆಯಿಲ್ ಇಲ್ಲ ಅಂತ ಓಡಿಸೋನಿಗೆ ಗೊತ್ತಾಗಲ್ವಾ ಮಾಮ?”

“ಎಂಜಿನ್ ಒಳಗೆ ಹಳೇ ಜಿಡ್ಡು ಇರುತ್ತೆ. ಅದು ಒಂದಷ್ಟು ದೂರ ಕಾಪಾಡುತ್ತೆ. ಸಪಾಟು ರಸ್ತೇಲಿ ಗೊತ್ತೇ ಆಗಲ್ಲ. ಗುಡ್ಡ ಹತ್ತಿಸಿದಾಗ ಬಿಸಿ ಏರುತ್ತೆ. ಹೊಗೆ ನಿಲ್ಲುತ್ತೆ. ಆದ್ರೆ ಓಡಿಸೋನಿಗೆ ತನ್ನ ಹಿಂದಿನ ಹೊಗೆ ಕಾಣಲ್ಲ.”

“ಹಿಂದೆ ಬರೋನಿಗೆ?”

“ಕಾಣುತ್ತೆ.”

ಸರ್ವೇಯರನ ಹಿಂದೆ ಪಿಕಪ್ ಓಡಿಸಿಕೊಂಡು ಹೋದವನು ಒಬ್ಬನೇ, ಅವನ ಹೆಂಡತಿಯ ತಮ್ಮ. ಹೆಣದ ಹತ್ತಿರ ಮೊದಲು ಇಳಿದವನೂ ಅವನೇ. ಅವನ ಹೇಳಿಕೆ ಆಕೆಗೆ ಬಾಯಿಪಾಠವಾಗಿತ್ತು: ‘ಭಾವ ಯಾವತ್ತಿನ ಹಾಗೆ ಹೊಗೆ ಬಿಟ್ಕೊಂಡು ಆರಾಮಾಗಿ ಹೋಗ್ತಾ ಇದ್ರು.’

ಆಕೆ ಬಟ್ಟಲನ್ನು ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡಳು.

“ನಾನೂ ಬರ್ತೀನಿ ಮೇಡಂ,” ಎಂದರು ಹೊಗೆಮಾಮ. “ಎಂಜಿನ್ ವಿಷಯ ಬಂದ್ರೆ ಆ ಹುಡುಗ ನಿಮಗೆ ಏನಾದ್ರೂ ಹೇಳಿ ಸಾಗಹಾಕ್ತಾನೆ.”

*

ತಮ್ಮನ ವೆಲ್ಡಿಂಗ್ ಶಾಪಿನ ಮುಂದೆ ಅರ್ಧ ಮುಗಿದ ಕಿಟಕಿಯ ಚೌಕಟ್ಟುಗಳು ಸಾಲಾಗಿ ಒರಗಿದ್ದವು. ಒಳಗೆ ಕಿಡಿ ಹಾರುತ್ತಿತ್ತು. ಜೀಪು ನಿಂತದ್ದನ್ನು ಕಂಡು ಅವನು ಯಂತ್ರ ಆರಿಸಿ, ಮುಖವಾಡವನ್ನು ಹಣೆಗೆ ಏರಿಸಿದ. ಮೂವತ್ತರ ಗಟ್ಟಿಮುಟ್ಟು ಮನುಷ್ಯ. ಹನ್ನೆರಡು ದಿನದಲ್ಲಿ ಕಣ್ಣು ಒಳಗೆ ಹೋಗಿದ್ದವು. ಎಡ ಅಂಗೈಗೆ ಬಟ್ಟೆಯ ಪಟ್ಟಿ ಸುತ್ತಿತ್ತು.

“ಕೈಗೆ ಏನಾಗಿತ್ತು?”

“ಸುಟ್ಕೊಂಡಿದ್ದು ಮೇಡಂ. ಹಿಂದಿನ ದಿನ, ಶನಿವಾರ ಸಂಜೆ. ಅದಕ್ಕೇ ಭಾನುವಾರ ಭಾವ ಗಾಡಿ ಹತ್ತಿದ್ದು. ಸರದಿ ಪ್ರಕಾರ ಆವತ್ತು ನಾನು ಓಡಿಸಬೇಕಿತ್ತು. ಕ್ಲಚ್ ಹಿಡಿಯೋಕೆ ಆಗಲ್ಲ ಅಂತ ನಾನು ಪಿಕಪ್ ತಗೊಂಡೆ.”

“ಭಾವನಿಂದ ಎಷ್ಟು ದೂರದಲ್ಲಿದ್ದೆ?”

“ಐವತ್ತು ಅಡಿ ಇರಬಹುದು.”

“ಹೊಗೆ ಬಿಡ್ತಿತ್ತಾ ಗಾಡಿ?”

“ಬಿಡ್ತಿತ್ತು. ಹೇಳಿದೀನಲ್ಲ, ಬರ್ಕೊಂಡಿದೀರಲ್ಲ.”

“ಗುಡ್ಡ ಹತ್ತೋವಾಗ?”

“ಆಗಲೂ.”

ಇನ್ಸ್‌ಪೆಕ್ಟರ್ ಜೇಬಿನಿಂದ ಬಟ್ಟಲು ತೆಗೆದು ಕಬ್ಬಿಣದ ಮೇಜಿನ ಮೇಲಿಟ್ಟಳು. “ನಿನಗೂ ಈ ಗಾಡಿ ಗೊತ್ತು. ಬೆರಳು ಹಾಕಿ ನೋಡು.”

ಅವನು ಹಾಕಿದ. ಎರಡು ಸಲ ಉಜ್ಜಿದ. ಆಮೇಲೆ ಬೆರಳನ್ನು ಹೆಬ್ಬೆರಳಿಗೆ ತಿಕ್ಕಿ ನೋಡಿದ. ಮುಖದ ಬಣ್ಣ ಇಳಿಯುವುದು ಮಸಿಯ ಮೇಲೂ ಕಾಣಿಸಿತು. ಬಾಗಿಲ ಬಳಿ ಹೊಗೆಮಾಮ ಕೆಮ್ಮಿದರು.

“ಹೊಗೆ ಇರಲಿಲ್ಲ,” ಎಂದ.

“ಗಟ್ಟಿಯಾಗಿ ಹೇಳು.”

“ಇರಲಿಲ್ಲ ಮೇಡಂ. ಪೇಟೆ ದಾಟೋವರೆಗೆ ಸ್ವಲ್ಪ ಇತ್ತು. ಗುಡ್ಡ ಶುರುವಾದ ಮೇಲೆ ನಿಂತುಹೋಯ್ತು. ಮೊದಲು ನನಗೆ ಹೊಳೀಲೇ ಇಲ್ಲ. ಹೊಳೆದ ಮೇಲೆ ಹಾರ್ನ್ ಹೊಡೆದೆ. ಲೈಟ್ ಹಾಕಿ ಆರಿಸಿದೆ. ಮುಂದೆ ಹೋಗೋಕೆ ದಾರೀಲಿ ಜಾಗ ಇಲ್ಲ. ಅಷ್ಟರಲ್ಲಿ ನೆತ್ತಿ ದಾಟಿ ಇಳಿಜಾರು ಬಂತು.”

ಅವನು ಪಟ್ಟಿ ಸುತ್ತಿದ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡ.

“ಭಾವ ತಿರುಗಿ ನೋಡ್ಲಿಲ್ಲ. ಎಡಗೈ ಎತ್ತಿ ಆಡಿಸಿದ್ರು. ನಾನು ಹಿಂದಿನಿಂದ ರೇಗಿಸ್ತಿದೀನಿ ಅಂದ್ಕೊಂಡ್ರೇನೋ. ಆ ಕೈ ಯಾವತ್ತೂ ಕ್ಲಚ್ ಬಿಟ್ಟದ್ದಲ್ಲ ಮೇಡಂ. ಎರಡು ಬೆರಳು ಸದಾ ಲಿವರ್ ಮೇಲೆ. ಎಂಜಿನ್ ಕಚ್ಚಿದ್ರೆ ಆ ಕ್ಷಣ ಕ್ಲಚ್ ಹಿಡಿ, ಚಕ್ರ ಬಿಡುತ್ತೆ, ಬದುಕ್ತೀಯ ಅಂತ ನನಗೆ ಹೇಳಿ ಹೇಳಿ ಸಾಕು ಮಾಡಿದ್ರು. ನನ್ನ ಹಾರ್ನ್‌ಗೋಸ್ಕರ ಆ ಕೈ ತೆಗೆದ್ರು. ಅದು ಕೆಳಗೆ ಬರೋದರೊಳಗೆ ಚಕ್ರ ಕಚ್ಚಿತು.”

ಶಾಪಿನಲ್ಲಿ ಬಿಸಿ ಕಬ್ಬಿಣ ತಣ್ಣಗಾಗುವ ಸಣ್ಣ ಸದ್ದು ಕೇಳುತ್ತಿತ್ತು. ಇನ್ಸ್‌ಪೆಕ್ಟರ್ ಅವನಿಗೆ ಉಸಿರು ತೆಗೆದುಕೊಳ್ಳಲು ಬಿಟ್ಟಳು. ಆದರೆ ಪ್ರಶ್ನೆ ಬಿಡಲಿಲ್ಲ.

“ಕಾಕ್ ಮುಚ್ಚಿದ್ದು?”

“ನಾನೇ. ಪೆಟ್ರೋಲ್ ಸೋರ್ತಿತ್ತು, ಬೆಂಕಿ ಹತ್ತುತ್ತೆ ಅಂತ.”

“ಆಯಿಲ್ ಸುರಿದಿದ್ದು?”

ಅವನು ಬಟ್ಟಲನ್ನು ಮೇಜಿನ ಆಚೆ ತಳ್ಳಿದ.

“ಭಾವ ಅಲ್ಲಿ ಬಿದ್ದಿದ್ದಾರೆ. ನೀನು ಟ್ಯಾಂಕಿನ ಮುಚ್ಚಳ ತೆಗೆದು ಆಯಿಲ್ ಸುರೀತಿದೀಯ. ಯಾಕೆ?”

“ಭಾವ ಹೋಗಿಬಿಟ್ಟಿದ್ರು ಮೇಡಂ. ಮುಟ್ಟಿ ನೋಡಿದೆ. ಮೂಗಿನ ಹತ್ತಿರ ಕೈ ಇಟ್ಟೆ. ಹೋಗಿಬಿಟ್ಟಿದ್ರು. ಆಮೇಲೇ ಗಾಡಿ ಹತ್ತಿರ ಹೋಗಿದ್ದು.” ಅವನ ದನಿ ಕೆಳಗಿಳಿಯಿತು. “ಟ್ಯಾಂಕಿನಲ್ಲಿ ಬೆರಳು ಅದ್ದಿದೆ. ಜಿಡ್ಡೇ ಇಲ್ಲ. ಆದ್ರೆ ಬಣ್ಣ ಇತ್ತು, ಕೆಂಪು. ಚೂರು ಹಾಕಿ ಅಳತೆ ತಪ್ಪಿದ್ದಾಳೆ ಅಂದ್ಕೊಂಡೆ. ಪಿಕಪ್‌ನಲ್ಲಿ ಒಂದು ಬಾಟಲಿ ಯಾವಾಗಲೂ ಇರುತ್ತೆ. ತಂದು ಸುರಿದೆ.”

“ತಪ್ಪಿದ್ದಾಳೆ ಅಂದ್ರೆ ಯಾರು?”

“ಆಯಿಲ್ ಬೆರೆಸೋದು ಅಕ್ಕ. ಮೊದಲಿನಿಂದಲೂ ಅವಳೇ. ತನ್ನ ಕೈಯಾರೆ ಗಂಡನ್ನ ಸಾಯಿಸಿದೆ ಅಂತ ಅವಳಿಗೆ ಯಾವತ್ತೂ ಗೊತ್ತಾಗಬಾರದು ಅನ್ನಿಸ್ತು. ಅಷ್ಟೇ ಮೇಡಂ. ನನ್ನ ಒಳಗೆ ಹಾಕ್ತೀರಾ ಹಾಕಿ. ಅವಳಿಗೆ ಮಾತ್ರ ಹೇಳಬೇಡಿ.”

“ನನಗೆ ಏನು ಹೇಳಬಾರದು?”

ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಕೈಯಲ್ಲಿ ಹೊಸ ಪಟ್ಟಿಯ ಸುರುಳಿ, ಮುಲಾಮಿನ ಡಬ್ಬಿ. ದಿನಾ ಮಧ್ಯಾಹ್ನ ಶಾಲೆಯ ಲ್ಯಾಬಿನ ಕೆಲಸ ಮುಗಿಸಿ ಬಂದು ತಮ್ಮನ ಕೈಗೆ ಪಟ್ಟಿ ಬದಲಿಸುತ್ತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ, ಯಾರೂ ನೋಡಿರಲಿಲ್ಲ.

“ಹೇಳೋ. ನಾನು ಆಯಿಲ್ ಮರೆತೆ ಅಂದ್ಕೊಂಡ್ಯಾ? ಹನ್ನೆರಡು ದಿನದಿಂದ ನನ್ನ ಮುಖ ನೋಡದೆ ಕೈ ಚಾಚ್ತಿದ್ದದ್ದು ಇದಕ್ಕಾ?”

“ಅಕ್ಕ, ನೀನು ಒಳಗೆ ಹೋಗು.”

“ಹೋಗಲ್ಲ.” ಅವಳು ಅಳಲಿಲ್ಲ. ಇನ್ಸ್‌ಪೆಕ್ಟರ್ ಕಡೆ ತಿರುಗಿದಳು. “ಮೇಡಂ, ಹದಿನಾರು ವರ್ಷದಿಂದ ನಾನು ಲ್ಯಾಬಿನಲ್ಲಿ ಮಕ್ಕಳಿಗೆ ಆಸಿಡ್ ಅಳೆದು ಕೊಡ್ತೀನಿ. ಒಂದು ಹನಿ ಹೆಚ್ಚುಕಡಿಮೆ ಆಗಿಲ್ಲ. ಅದಕ್ಕೇ ನಮ್ಮನೆಯವರು ಈ ಕೆಲಸ ನನಗೆ ಬಿಟ್ಟಿದ್ದು. ಶನಿವಾರ ಮಧ್ಯಾಹ್ನ ಐದು ಲೀಟರಿಗೆ ನೂರೈವತ್ತು ಮಿಲಿ ಅಳೆದು ಹಾಕಿದೀನಿ. ಕ್ಯಾನ್ ಅಲುಗಿಸಿ, ನಾನೇ ಟ್ಯಾಂಕ್ ತುಂಬಿಸಿದೀನಿ.”

“ಹಾಕಿದ್ದು ಯಾವ ಆಯಿಲ್?”

“ತೋರಿಸ್ತೀನಿ ಬನ್ನಿ.”

ಶಾಪಿನ ಹಿಂದಿನ ಕೋಣೆಯೇ ಗಾಡಿಯ ಮನೆ. ಸರ್ವೇಯರ್ ಸತ್ತ ದಿನ ಅಕ್ಕ ಹಾಕಿದ ಬೀಗವನ್ನು ಮತ್ತೆ ತೆಗೆದಿರಲಿಲ್ಲ. ಬೀಗದ ಕೈ ಅವಳ ಬಳಿಯೇ ಇತ್ತು. ಬಾಗಿಲು ತೆರೆದಾಗ ಮುಚ್ಚಿಟ್ಟ ಪೆಟ್ರೋಲಿನ ವಾಸನೆ ಮುಖಕ್ಕೆ ಬಡಿಯಿತು.

ಗೋಡೆಯ ಮೇಲೆ ಸ್ಪ್ಯಾನರುಗಳು ಅಳತೆಯ ಪ್ರಕಾರ ತೂಗಾಡುತ್ತಿದ್ದವು. ಪ್ರತಿಯೊಂದರ ಹಿಂದೆ ಅದರದೇ ಆಕಾರವನ್ನು ಪೆನ್ಸಿಲಿನಲ್ಲಿ ಗೀಚಿತ್ತು. ಕಿಟಕಿಯ ಕಟ್ಟೆಯ ಮೇಲೆ ಹಳೆಯ ಪ್ಲಗ್ಗುಗಳ ಸಾಲು, ತೊಳೆದು ಒಣಗಲು ಇಟ್ಟ ಗಾಳಿಯ ಫಿಲ್ಟರು, ಕೂರಲು ಒಂದು ಮೋಟು ಸ್ಟೂಲು. ಅಕ್ಕ ಸ್ಟೂಲನ್ನು ನೋಡದೆ ದಾಟಿ ಹೋದಳು.

ಕಪಾಟಿನಿಂದ ಮೂರು ವಸ್ತು ತೆಗೆದು ನೆಲದ ಮೇಲಿಟ್ಟಳು. ಖಾಲಿ ಕ್ಯಾನು, ಗೀಟು ಹಾಕಿದ ಗಾಜಿನ ಅಳತೆ ಜಾಡಿ, ಮುಕ್ಕಾಲು ತುಂಬಿದ ಒಂದು ಬಾಟಲಿ. ಬಾಟಲಿಯ ಮೇಲೆ ಟೂ-ಸ್ಟ್ರೋಕ್ ಎಣ್ಣೆಯ ಚೀಟಿ. ಒಳಗೆ ಕೆಂಪು ದ್ರವ.

ಇನ್ಸ್‌ಪೆಕ್ಟರ್ ಬಾಟಲಿಯನ್ನು ಓರೆ ಮಾಡಿದಳು. ಎಣ್ಣೆಯಾದರೆ ಸೋಮಾರಿಯ ಹಾಗೆ ಹೊರಳಬೇಕು. ಇದು ನೀರಿನಂತೆ ಆಚೆ ಈಚೆ ಓಡಿತು. ಅಂಗೈಗೆ ಒಂದು ಹನಿ ಬಿಟ್ಟುಕೊಂಡಳು. ತಣ್ಣಗಾಯಿತು. ಆಕೆ ನೋಡುತ್ತಿದ್ದಂತೆಯೇ ಆರಿಹೋಯಿತು. ಚರ್ಮದ ಮೇಲೆ ಕೆಂಪು ಕಲೆ ಉಳಿಯಿತು, ಜಿಡ್ಡು ಉಳಿಯಲಿಲ್ಲ. ಬಾಗಿಲಿಗೆ ಬಣ್ಣ ಹೊಡೆಯುವ ದಿನ ಮನೆಯೆಲ್ಲ ತುಂಬುವ ವಾಸನೆ ಬಂತು.

“ಥಿನ್ನರ್,” ಎಂದ ತಮ್ಮ. “ಬಣ್ಣ ಹಾಕಿದ ಥಿನ್ನರ್.”

ಇನ್ಸ್‌ಪೆಕ್ಟರ್ ಮೆಲ್ಲಗೆ ಕೇಳಿದಳು. “ಇಷ್ಟು ತೆಳ್ಳಗಿದೆ. ವಾಸನೆ ಬೇರೆ. ಅಳೆಯೋವಾಗ ನಿಮಗೆ ಅನುಮಾನ ಬರಲಿಲ್ವಾ?”

“ಬಂತು ಮೇಡಂ. ಕೇಳಿದೆ.”

“ಯಾರನ್ನ?”

ಅಕ್ಕ ಬಾಟಲಿಯಿಂದ ಕಣ್ಣು ತೆಗೆಯುತ್ತಾ, ಮಾತು ನಿಧಾನ ಮಾಡುತ್ತಾ, ತಾನು ಹೇಳುತ್ತಿರುವುದರ ಅರ್ಥ ತನಗೇ ಆಗತೊಡಗಿದವಳಂತೆ ಬಾಗಿಲ ಕಡೆ ತಿರುಗಿದಳು.

“ಮಾಮ. ಶನಿವಾರ ನೀವೇ ಅಲ್ವಾ ತಂದುಕೊಟ್ಟಿದ್ದು? ಹಳೇ ಬಾಟಲೀಲಿ ನೀರು ಸೇರಿದೆ ಅಂತ ಅದನ್ನ ತಗೊಂಡು ಹೋದ್ರಿ. ನಾನು ಕೇಳಿದ್ದಕ್ಕೆ, ಇದು ಹೊಸ ಥರದ್ದು, ತೆಳ್ಳಗಿರುತ್ತೆ, ಬೇಗ ಬೆರೆಯುತ್ತೆ ಅಂದ್ರಿ.”

ಹೊಗೆಮಾಮ ಬಾಗಿಲ ಚೌಕಟ್ಟಿಗೆ ಕೈ ಕೊಟ್ಟು ನಿಂತಿದ್ದರು. ಇನ್ಸ್‌ಪೆಕ್ಟರ್ ಎರಡು ಹೆಜ್ಜೆ ಇಟ್ಟು ಅವರ ಮತ್ತು ಹೊರಗಿನ ಜಗಲಿಯ ನಡುವೆ ಬಂದಳು. ಅದರ ಅಗತ್ಯ ಇರಲಿಲ್ಲ. ಅವರು ಓಡುವ ಸ್ಥಿತಿಯಲ್ಲಿ ಇರಲಿಲ್ಲ. ಅವರ ಕಣ್ಣು ಗೋಡೆಯ ಸ್ಪ್ಯಾನರುಗಳ ಮೇಲೆ, ಒಂದೊಂದರ ಹಿಂದಿನ ಪೆನ್ಸಿಲಿನ ಗೆರೆಯ ಮೇಲೆ ಹರಿಯುತ್ತಿತ್ತು.

“ಮಗನ ಹಾಗಿದ್ದ,” ಎಂದರು. “ನನ್ನ ಕೈಯಲ್ಲೇ ಕಲಿತವನು. ಅವನಿಗೆ ನಾನು ಯಾಕೆ…” ಕೆಮ್ಮು ಬಂತು.

“ನೀನೇ ಹೇಳಿದ್ಯಲ್ಲಮ್ಮ. ನಾಳೆ ಇವರು ಪಿಕಪ್‌ನಲ್ಲಿ ಬರ್ತಾರೆ, ಗಾಡಿ ಹತ್ತೋದು ನನ್ನ ತಮ್ಮ ಅಂತ. ಶನಿವಾರ ಇದೇ ಜಾಗದಲ್ಲಿ ನಿಂತ್ಕೊಂಡು ನೀನೇ ಹೇಳಿದೆ.”

ಅಕ್ಕನ ಕೈಯಿಂದ ಪಟ್ಟಿಯ ಸುರುಳಿ ಜಾರಿ ನೆಲದ ಮೇಲೆ ಬಿಚ್ಚಿಕೊಳ್ಳುತ್ತಾ ಹೋಯಿತು.

ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಇನ್ಸ್‌ಪೆಕ್ಟರ್ ಇಂಥ ಗಳಿಗೆಗಳನ್ನು ಕಂಡಿದ್ದಳು. ಸಾವು ತನ್ನನ್ನು ಹುಡುಕಿ ಬಂದು ಗುರಿ ತಪ್ಪಿತು ಎಂದು ಗೊತ್ತಾದವನು ಕೂಗುತ್ತಾನೆ, ಇಲ್ಲವೇ ಮೈಮೇಲೆ ಬೀಳುತ್ತಾನೆ, ಇಲ್ಲವೇ ನಿಮಗೆ ನಾನೇನು ಮಾಡಿದ್ದೆ ಎಂದು ಕೇಳುತ್ತಾನೆ. ಆಕೆ ತಮ್ಮನನ್ನು ತಡೆಯಲು ಕೈ ಮುಂದೆ ಮಾಡಿ ಅವನ ಕಡೆ ತಿರುಗಿದಳು.

ತಮ್ಮ ಇದ್ದಲ್ಲಿಂದ ಕದಲಲಿಲ್ಲ. ಅವನ ಮುಖದಲ್ಲಿ ಸಿಟ್ಟೂ ಇರಲಿಲ್ಲ, ಆಶ್ಚರ್ಯವೂ ಇರಲಿಲ್ಲ. ಬಹಳ ದಿನದಿಂದ ಕಾಯುತ್ತಿದ್ದದ್ದು ಕೊನೆಗೂ ಬಂತು ಎನ್ನುವವನಂತೆ ಅವನು ಮುದುಕನನ್ನು ನೋಡಿದ.

“ನಾನು ಮಾಡಿದ್ದು ಯಾವಾಗ ಗೊತ್ತಾಯ್ತು ಮಾಮ ನಿಮಗೆ?” ಎಂದ.